ನನ್ನ ಸಲುವಾಗಿ ಬಿದ್ದ ಓಟು

ಹೀಥ್ರೂ

ಲಂಡನ್ನಿಗೆ ನಾನು ಹೋಗಬೇಕಾಗಿದ್ದದ್ದು ಹತ್ತು ವರ್ಷಗಳ ಹಿಂದೆ, ತಂಗಿ ಸುಲೋಚನಾಳ ಮಗಳ ಮದುವೆಗೆ. ಇಳಕಲ್ ಸೀರೆ ಕೊಂಡಾಗಿತ್ತು, ಚಳಿಗೆಂದು ಉಣ್ಣೆಯ ಕಾಲುಚೀಲವೂ ಬಂದಿತ್ತು. ವೀಸಾ ಮಾತ್ರ ಬರಲಿಲ್ಲ. ಕಾರಣವನ್ನು ಬಹಳ ಮರ್ಯಾದೆಯಿಂದಲೇ ತಿಳಿಸಿದ್ದರು: ಅರ್ಜಿ ಹಾಕಿದಾಕೆ ನಿವೃತ್ತಳು, ಮದುವೆಯಾಗಿಲ್ಲ, ಮಕ್ಕಳಿಲ್ಲ, ಬಂದರೆ ತಿರುಗಿ ಹೋಗುತ್ತಾಳೆಂದು ನಂಬುವುದು ಕಷ್ಟ.

ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಮದುವೆಯಾಗಲಿಲ್ಲ, ಅದರ ಹಿಂದೆ ಹೇಳುವಂಥ ಕಥೆಯೇನೂ ಇಲ್ಲ. ಅವ್ವ ಬೇಗ ತೀರಿಕೊಂಡಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ಸುಲುವಿಗೆ ಜಡೆ ಹೆಣೆದವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು, ಕೊನೆಗೆ ಲಂಡನ್ನಿನಲ್ಲಿದ್ದ ಬಸವರಾಜನಿಗೆ ಕೊಟ್ಟು ಮುಂಬಯಿಗೆ ಹೋಗಿ ವಿಮಾನ ಹತ್ತಿಸಿ ಬಂದವಳು ನಾನೇ. ಅವಳು ನಾಲ್ಕೈದು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದಳು. ಆದರೆ ಅವಳ ಸಂಸಾರ ಹೇಗಿದೆ, ಯಾವ ಕಿಟಕಿಯ ಹತ್ತಿರ ಕೂತು ನನ್ನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ ಎಂಬುದನ್ನು ನಾನು ಕಣ್ಣಾರೆ ಕಂಡಿರಲಿಲ್ಲ.

ಈ ಹತ್ತು ವರ್ಷಗಳಲ್ಲಿ ನನಗೆ ಗಂಡನೂ ಸಿಕ್ಕಿರಲಿಲ್ಲ, ಮಕ್ಕಳೂ ಆಗಿರಲಿಲ್ಲ. ವಯಸ್ಸು ಎಪ್ಪತ್ತು ಮುಟ್ಟಿತ್ತು, ಅಷ್ಟೇ. ಅದೇನೋ, ಈ ಸಲ ಕೇಳಿದ ಕೂಡಲೇ ವೀಸಾ ಕೊಟ್ಟುಬಿಟ್ಟರು.

ಹೀಥ್ರೂ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. "ಎಷ್ಟು ದಿನ ಇರುತ್ತೀರಿ?" ಎಂದು ಕೇಳಿದ. ಹತ್ತು ವರ್ಷದಿಂದ ಒಳಗೊಳಗೇ ತಯಾರು ಮಾಡಿಕೊಂಡಿದ್ದ ಉತ್ತರವೆಲ್ಲ ಒಮ್ಮೆಲೇ ಹೊರಬಂತು. ನನ್ನ ಅಂಗಳದಲ್ಲಿ ದುಂಡುಮಲ್ಲಿಗೆ ಬಳ್ಳಿಯಿದೆ, ನೀರು ಹಾಕಲು ಪಕ್ಕದ ಮನೆಯವರಿಗೆ ಹೇಳಿ ಬಂದಿದ್ದೇನೆ, ಅವರಿಗೆ ಮರೆವು ಜಾಸ್ತಿ, ಹಾಗಾಗಿ ತಿಂಗಳಿಗಿಂತ ಹೆಚ್ಚು ಇರಲು ಸಾಧ್ಯವೇ ಇಲ್ಲ ಎಂದೆ. ಅವನು ನನ್ನನ್ನೇ ನೋಡಿದ. ಆಮೇಲೆ ಸೀಲು ಒತ್ತುತ್ತಾ, "ಹಾಗಾದರೆ ಇನ್ನೂ ಬೇಗ ಹೋಗಬೇಕಾಗುತ್ತದೇನೋ" ಎಂದು ನಕ್ಕ.

ಹೊರಗೆ ಸುಲು ನಿಂತಿದ್ದಳು. ನಾನು ಬಂದೆನೋ ಇಲ್ಲವೋ ಎಂದು ಕುತ್ತಿಗೆ ಉದ್ದ ಮಾಡಿ ಹುಡುಕುತ್ತಿದ್ದವಳು ನನ್ನನ್ನು ಕಂಡದ್ದೇ, ಅಷ್ಟು ಜನರ ನಡುವೆ, ಐವತ್ತೆಂಟು ವರ್ಷದ ಹೆಂಗಸು, ಚಿಕ್ಕ ಹುಡುಗಿಯಂತೆ ಜೋರಾಗಿ ಅತ್ತಳು.

ಗ್ರೀನ್‌ಫರ್ಡ್

ತಂಗಿಯ ಮನೆ ಗ್ರೀನ್‌ಫರ್ಡಿನಲ್ಲಿ. ಪ್ರವಾಸಿಗರು ಫೋಟೋ ತೆಗೆಯುವ ಲಂಡನ್ ಅಲ್ಲ ಅದು. ಒಂದು ಕಡೆ ಗೋದಾಮುಗಳು, ಸಣ್ಣ ಕಾರ್ಖಾನೆಗಳು; ಇನ್ನೊಂದು ಕಡೆ ಒಂದಕ್ಕೊಂದು ಆತುಕೊಂಡಿರುವ ಇಟ್ಟಿಗೆಯ ಮನೆಗಳು. ಎಲ್ಲ ಮನೆಯ ಮುಂದೆಯೂ ಕಸದ ಡಬ್ಬಿಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿರುತ್ತವೆ. ಯಾವ ಕಸ ಯಾವ ಡಬ್ಬಿಗೆ, ಯಾವ ವಾರ ಯಾವುದನ್ನು ಹೊರಗಿಡಬೇಕು ಎಂಬುದನ್ನು ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನವರು ಗೊತ್ತು ಮಾಡಿದ್ದಾರೆ. ಈ ಶಾಸ್ತ್ರ ನನಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಮರುದಿನ ಬೆಳಿಗ್ಗೆ ತಂಗಿ ಏಳುವ ಮೊದಲೇ ಅಡುಗೆಮನೆ ಹೊಕ್ಕೆ. ಊರಿನಿಂದ ತಂದ ಜೋಳದ ಹಿಟ್ಟಿತ್ತು. ರೊಟ್ಟಿ ಬಡಿದು ಹಂಚಿನ ಮೇಲೆ ಹಾಕಿ, ಪಕ್ಕದ ಒಲೆಯ ಮೇಲೆ ಒಣಮೆಣಸಿನಕಾಯಿ ಹುರಿಯಲಿಟ್ಟೆ. ಸ್ವಲ್ಪ ಹೊತ್ತಿಗೆ ತಲೆಯ ಮೇಲಿದ್ದ ಬಿಳಿಯ ತಟ್ಟೆಯಂಥದ್ದು ಕಿರುಚತೊಡಗಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ ಅದು. ಎಂಥ ಕೂಗು! ಒಲೆ ಆರಿಸಿದೆ, ಸೆರಗಿನಿಂದ ಗಾಳಿ ಹಾಕಿದೆ, ದಯವಿಟ್ಟು ಸುಮ್ಮನಿರು ಎಂದು ಕನ್ನಡದಲ್ಲಿ ಬೇಡಿಕೊಂಡೆ. ಅಷ್ಟರಲ್ಲಿ ಹಿತ್ತಲ ಬಾಗಿಲು ದೂಡಿಕೊಂಡು ಎತ್ತರದ, ಕೆಂಪಗಿನ, ಬಿಳಿಗೂದಲ ಹೆಂಗಸೊಬ್ಬಳು ಟವೆಲ್ ಹಿಡಿದು ಒಳಗೆ ನುಗ್ಗಿದಳು. ಕುರ್ಚಿ ಎಳೆದು ಹತ್ತಿ, ಟವೆಲನ್ನು ಗಿರಗಿರ ತಿರುಗಿಸಿದಳು. ಕೂಗು ನಿಂತಿತು. ಕುರ್ಚಿಯ ಮೇಲಿಂದಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಕ್ಕಾ?" ಎಂದಳು.

ಅವಳೇ ಹಲೀನಾ. ಪೋಲೆಂಡಿನವಳು, ಪಕ್ಕದ ಮನೆಯಲ್ಲಿ ಒಬ್ಬಳೇ ಇರುವವಳು. ಸುಲುವಿನ ಜೊತೆ ಸ್ಯಾಂಡ್‌ವಿಚ್ ಮಾಡುವ ಕಾರ್ಖಾನೆಯಲ್ಲಿ ಒಂದೇ ಸಾಲಿನಲ್ಲಿ ನಿಂತು ವರ್ಷಗಟ್ಟಲೆ ದುಡಿದವಳು. ಇಬ್ಬರೂ ಬೆಳಿಗ್ಗೆ ಕತ್ತಲಿರುವಾಗಲೇ ತಲೆಗೆ ಬಲೆ ಹಾಕಿಕೊಂಡು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಇಂಗ್ಲಿಷ್ ಕಲಿತರಂತೆ. ಹಿತ್ತಲಿನ ಬೇಲಿಯಲ್ಲಿ ಹಲಗೆ ಕಿತ್ತು ಇಬ್ಬರೂ ಓಡಾಡಲು ದಾರಿ ಮಾಡಿಕೊಂಡಿದ್ದರು. ಅವಳ ಮಾತೆಲ್ಲ ಮುರುಕು ಇಂಗ್ಲಿಷ್, ನನ್ನದು ಪಠ್ಯಪುಸ್ತಕದ ಇಂಗ್ಲಿಷ್. ನಮಗೆ ತೊಂದರೆಯೇ ಆಗಲಿಲ್ಲ.

"ನೀವು ಮದುವೆಗೆ ಬರಲಿಲ್ಲ. ನಾನು ಬಹಳ ಕಾದೆ," ಎಂದಳು, ನಿನ್ನೆ ಮೊನ್ನೆಯ ಮದುವೆಯೋ ಎಂಬಂತೆ.

ಸಂಜೆ ಅವಳು ಗಸಗಸೆ ತುಂಬಿದ ಕೇಕು ತಂದಳು. ನಮ್ಮಲ್ಲಿ ಗಸಗಸೆ ಎಂದರೆ ಪಾಯಸ, ಉಂಡು ಮಲಗುವುದು. ಇವರು ಅದನ್ನು ಚಹಾದ ಜೊತೆ ತಿಂದು ಕೆಲಸಕ್ಕೆ ಹೋಗುತ್ತಾರೆ! ಕೇಕು ತಿನ್ನುತ್ತಾ ತಿಳಿದದ್ದು: ಹಲೀನಾ ಇನ್ನು ಮೂರು ವಾರದಲ್ಲಿ ಪೋಲೆಂಡಿಗೆ ವಾಪಸು ಹೋಗುತ್ತಿದ್ದಾಳೆ, ಶಾಶ್ವತವಾಗಿ. ಮನೆ ಮಾರಾಟವಾಗಿದೆ. ಲುಬ್ಲಿನ್ ಹತ್ತಿರದ ಹಳ್ಳಿಯಲ್ಲಿ ಅವಳ ತಾಯಿಗೆ ಎಂಬತ್ತು ದಾಟಿದೆ. ಮೊದಲು ಆ ಮುದುಕಿ ಪ್ರತಿ ಬೇಸಿಗೆ ಬಸ್ಸಿನಲ್ಲಿ ಕೂತು ಇಲ್ಲಿಗೆ ಬರುತ್ತಿತ್ತು, ಬರಿಯ ಗುರುತಿನ ಚೀಟಿ ತೋರಿಸಿದರೆ ಸಾಕಿತ್ತು. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಪಾಸ್‌ಪೋರ್ಟ್ ಬೇಕು ಎಂದಾಯಿತು. "ಈ ವಯಸ್ಸಿನಲ್ಲಿ ನಾನು ಯಾರೆಂದು ಹೊಸದಾಗಿ ಸಾಬೀತು ಮಾಡಬೇಕೇನು?" ಎಂದು ಅಮ್ಮ ಹಟ ಹಿಡಿದಳಂತೆ. ಮತ್ತೆ ಬರಲೇ ಇಲ್ಲ.

"ಅವಳು ಬರುವುದಿಲ್ಲ. ಅದಕ್ಕೆ ನಾನು ಹೋಗುತ್ತೇನೆ," ಎಂದಳು ಹಲೀನಾ.

ಸುಲು ಎದ್ದು ತಟ್ಟೆಗಳನ್ನು ತೊಳೆಯಲು ಹೋದಳು. ತಟ್ಟೆಗಳಲ್ಲಿ ಕೇಕು ಇನ್ನೂ ಇತ್ತು.

ಕೆಂಟನ್

ಭಾನುವಾರ ಬಸಣ್ಣ, ಅಂದರೆ ಸುಲುವಿನ ಗಂಡ ಬಸವರಾಜ, ನಮ್ಮನ್ನು ಹತ್ತಿರದ ಕೆಂಟನ್‌ಗೆ ಕರೆದುಕೊಂಡು ಹೋದ. ಅಲ್ಲಿ ಒಬ್ಬರ ಮನೆಯಲ್ಲಿ ಕನ್ನಡದವರ ಊಟ. ಧಾರವಾಡದವರು, ಮೈಸೂರಿನವರು, ಕರಾವಳಿಯವರು ಎಲ್ಲ ಸೇರಿದ್ದರು. ಬಾಗಿಲಲ್ಲಿ ತಂತಮ್ಮ ಕನ್ನಡದಲ್ಲಿ ಬಂದವರು ಊಟಕ್ಕೆ ಕೂರುವ ಹೊತ್ತಿಗೆ ಬೆಂಗಳೂರಿನ ಕನ್ನಡಕ್ಕೆ ಇಳಿದಿದ್ದರು. ಮಕ್ಕಳಿಗೆ ನಾನು ಏನು ಕೇಳಿದರೂ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಹಲೀನಾಳ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ನಾನು ನಾಗರಿಕ ಶಾಸ್ತ್ರ ಕಲಿಸಿದವಳು. ಒಂದು ದೇಶ ಇಂಥ ದೊಡ್ಡ ಪ್ರಶ್ನೆಯನ್ನು ನೇರವಾಗಿ ಜನರ ಮುಂದೆ ಇಟ್ಟು, ಒಕ್ಕೂಟದಲ್ಲಿ ಉಳಿಯೋಣವೋ ಹೊರಬರೋಣವೋ ಎಂದು ಕೇಳಿದ್ದು, ಸ್ವಲ್ಪದರಲ್ಲೇ ಹೊರಬರುವವರು ಗೆದ್ದದ್ದು ನನಗೆ ಕುತೂಹಲದ ವಿಷಯ. ಇಲ್ಲಿ ನೆಲೆಸಿದ್ದ ಭಾರತದ ಪಾಸ್‌ಪೋರ್ಟಿನವರಿಗೂ ಆಗ ಮತವಿತ್ತಂತೆ. ನಾವು ಕಾಮನ್‌ವೆಲ್ತಿನವರು. ಆದರೆ ಯಾರ ಬದುಕು ಅದರಿಂದ ಬದಲಾಗುವುದಿತ್ತೋ ಆ ಪೋಲೆಂಡಿನವರಿಗೆ ಇರಲಿಲ್ಲ.

ಊರಿನಲ್ಲಿ ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದೇನೆ. ಯಾರಿಗೆ ಹಾಕಿದಿರಿ ಎಂದು ಯಾರನ್ನೂ ಕೇಳಬಾರದು ಎಂಬುದು ನನ್ನ ರಕ್ತದಲ್ಲೇ ಇದೆ. ಆದರೂ ಅವತ್ತು ನಾಲಿಗೆ ತಡೆಯಲಿಲ್ಲ. "ಈಗ ಮತ್ತೊಮ್ಮೆ ಕೇಳಿದರೆ ಅಂದು ಹಾಕಿದ್ದಕ್ಕೇ ಹಾಕುತ್ತೀರಾ?" ಎಂದುಬಿಟ್ಟೆ.

"ಅಯ್ಯೋ, ನಾವು ಉಳಿಯೋಣ ಅಂತಲೇ ಹಾಕಿದ್ದು ಮೇಡಂ," ಎಂದರು ಮೈಸೂರಿನ ಹಿರಿಯರೊಬ್ಬರು. "ಈಗಲೂ ಅದನ್ನೇ ಹಾಕ್ತೀವಿ."

"ನಾವೂ ಅಷ್ಟೇ," ಎಂದರು ಅವರ ಪಕ್ಕದವರು. ಬಟ್ಟಲು ಹಿಡಿದು ನಿಂತಿದ್ದವರೆಲ್ಲ ತಲೆಯಾಡಿಸಿದರು. ಬಸಣ್ಣ ಎಲ್ಲರಿಗಿಂತ ಜೋರಾಗಿ, "ನಮ್ಮನೇಲಂತೂ ಇಬ್ಬರದೂ ಉಳಿಯೋಣ ಅಂತಲೇ!" ಎಂದ.

"ಹಾಗಾದರೆ ಗೆದ್ದವರಿಗೆ ಹಾಕಿದವರು ಯಾರು?" ಎಂದು ಕೇಳಿದೆ. ಎಲ್ಲರೂ ನಕ್ಕರು. ನಗು ಬೇಗ ಮುಗಿಯಿತು. ಒಬ್ಬರು ಎದ್ದು ಮಜ್ಜಿಗೆ ಯಾರಿಗೆ ಬೇಕು ಎಂದು ವಿಚಾರಿಸತೊಡಗಿದರು. ಸುಲು ಅಲ್ಲಿರಲಿಲ್ಲ. ನೋಡಿದರೆ ಅಡುಗೆಮನೆಯಲ್ಲಿ ಇನ್ನೊಬ್ಬರ ಮನೆಯ ಪಾತ್ರೆಗಳನ್ನು ತಿಕ್ಕುತ್ತಿದ್ದಳು.

ಇಲ್ಫರ್ಡ್ ದಾಟಿ

ಸುಲುವಿನ ಮಗಳು ಮೇಘಾ ಲಂಡನ್ನಿನ ಆಚೆ ತುದಿಯ ಇಲ್ಫರ್ಡಿನಲ್ಲಿರುತ್ತಾಳೆ. ಒಂದು ದಿನ ನಾನೂ ಸುಲುವೂ ಅಲ್ಲಿಗೆ ಹೊರಟೆವು. ಸ್ಟ್ರಾಟ್‌ಫರ್ಡಿನಲ್ಲಿ ಇಳಿದು ಎಲಿಜಬೆತ್ ಲೈನಿನ ರೈಲು ಹಿಡಿಯಬೇಕು. ರೈಲಿನಲ್ಲಿ ಜನ ಕಿಕ್ಕಿರಿದಿದ್ದರೂ ಸದ್ದಿಲ್ಲ. ನಾನು ಒಬ್ಬನ ಕಾಲು ತುಳಿದೆ. ಅವನೇ ನನಗೆ ಸಾರಿ ಹೇಳಿದ. ಊರಿನಲ್ಲಾದರೆ ನನ್ನ ಹಿರಿಯರನ್ನೆಲ್ಲ ನೆನೆಯುತ್ತಿದ್ದರು.

ಇಲ್ಫರ್ಡ್ ಬಂತು. ಸುಲು ಮುಂದೆ ಇಳಿದಳು. ನಾನು ಹಿಂದೆ ಹೊರಟವಳು, ಮಗುವಿನ ಗಾಡಿ ದೂಡುತ್ತಿದ್ದ ತಾಯಿಯೊಬ್ಬಳಿಗೆ ದಾರಿ ಬಿಟ್ಟೆ. ಬಾಗಿಲು ಮುಚ್ಚಿಕೊಂಡಿತು. ಸುಲು ತಿರುಗಿ ನೋಡಿದಳು. ಗಾಜಿನ ಆಚೆ ಅವಳು, ಈಚೆ ನಾನು. ಅವಳ ಮುಖದ ಬಣ್ಣವೇ ಹೋಯಿತು. ಎರಡೂ ಅಂಗೈಗಳಿಂದ ಗಾಜನ್ನು ಬಡಿದಳು, ರೈಲಿನ ಜೊತೆ ನಾಲ್ಕು ಹೆಜ್ಜೆ ಓಡಿದಳು. ನಾನು ಕೈಸನ್ನೆ ಮಾಡಿ, ಗಾಬರಿ ಬೇಡ ಎನ್ನುವಷ್ಟರಲ್ಲಿ ಅವಳು ಹಿಂದೆ ಉಳಿದಳು.

ಪಕ್ಕದಲ್ಲಿದ್ದ ಹುಡುಗಿಯೊಬ್ಬಳು, ತಲೆಗೆ ಸ್ಕಾರ್ಫ್ ಕಟ್ಟಿದ್ದವಳು, ಕಿವಿಯಿಂದ ಹಾಡು ಕೇಳುವ ಬತ್ತಿಗಳನ್ನು ಕಿತ್ತು, "ಮುಂದಿನ ಸ್ಟಾಪಿನಲ್ಲಿ ಇಳಿಯಿರಿ ಆಂಟಿ, ನಾನೂ ಇಳಿಯುತ್ತೇನೆ" ಎಂದಳು. ಆ ನಿಲ್ದಾಣದ ಹೆಸರು ಸೆವೆನ್ ಕಿಂಗ್ಸ್. ಒಬ್ಬ ರಾಜನೂ ಕಾಣಿಸಲಿಲ್ಲ, ಒಂದು ಬೆಂಚಿತ್ತು. ಹುಡುಗಿ ಫೋನು ಕೊಟ್ಟು ಸುಲುವಿನ ಜೊತೆ ಮಾತಾಡಿಸಿದಳು, ಅವಳು ಮುಂದಿನ ರೈಲಿನಲ್ಲಿ ಬರುವವರೆಗೂ ನನ್ನ ಜೊತೆ ಕೂತಳು. ಕಾಲೇಜಿಗೆ ತಡವಾಗುವುದಿಲ್ಲವೇ ಎಂದರೆ, "ಪಾಠ ಅಲ್ಲೇ ಇರುತ್ತದೆ" ಎಂದಳು.

ಸುಲು ಬಂದವಳೇ ನನ್ನನ್ನು ತಬ್ಬಿಕೊಂಡಳು. ಬಿಡಲೇ ಇಲ್ಲ. ಹುಡುಗಿ ಕೈ ಬೀಸಿ ಹೋದಳು.

"ಯಾಕ ಸುಲು ಇಷ್ಟು ಅಂಜತಿ? ನಾ ಏನ್ ಸಣ್ಣ ಕೂಸ ಏನು?" ಎಂದೆ.

"ಮತ್ತ ನೀ ಆಕಡೆ, ನಾ ಈಕಡೆ ಆಗಿಬಿಟ್ವಲ್ಲ ಅಕ್ಕಾ," ಎಂದಳು. ಬೆಂಚಿನ ಮೇಲೆ ಕುಸಿದು ಕೂತಳು. ಎರಡು ರೈಲು ಬಂದು ಹೋದರೂ ಏಳಲಿಲ್ಲ. ಆಮೇಲೆ ಹಳಿಗಳ ಕಡೆ ನೋಡುತ್ತಾ, "ನಾ ಹೊರಗ ಹೋಗೂನು ಅಂತ ಹಾಕೀನಿ, ಅಕ್ಕಾ" ಎಂದಳು.

ನನಗೆ ತಕ್ಷಣ ತಿಳಿಯಲಿಲ್ಲ.

"ಓಟು. ಆ ಓಟು. ಯಾರಿಗೂ ಹೇಳಿಲ್ಲ. ಇವರಿಗೂ ಹೇಳಿಲ್ಲ."

"ಯಾಕ?" ಎಂದೆ.

"ನಿನ್ನ ಸಲುವಾಗಿ."

ಆಮೇಲೆ ಎಲ್ಲ ಹೇಳಿದಳು. ಮೇಘಾಳ ಮದುವೆಗೆ ಹಲೀನಾಳ ತಾಯಿ, ತಂಗಿ, ತಂಗಿಯ ಗಂಡ ಎಲ್ಲ ಪೋಲೆಂಡಿನಿಂದ ಬಸ್ಸಿನಲ್ಲಿ ಬಂದಿಳಿದರಂತೆ. ಬರಬೇಕೆನ್ನಿಸಿತು, ಬಂದರು. "ಅವ್ರು ಕುಣಿಯೂದು ನೋಡಿ ನನಗ ಖುಷೀನೂ ಆತು, ಹೊಟ್ಟ್ಯಾಗ ಬೆಂಕೀನೂ ಬಿತ್ತು. ನನ್ನ ಸಾಕಿದಾಕಿ ಬರಾಕ ಆಗಲಿಲ್ಲ. ಮದುವಿ ಇಲ್ಲ, ಮಕ್ಕಳಿಲ್ಲ ಅಂದ್ರಂತ. ನಾ ಯಾರು ಹಂಗಾರ? ನಾ ನಿನ್ನ ಮಗಳಲ್ಲೇನು?"

ಮರುವರ್ಷ ಜನಮತಗಣನೆ ಬಂತು. ನಮ್ಮವನೇ ಒಬ್ಬ ಮನೆ ಬಾಗಿಲಿಗೆ ಬಂದು, ಯುರೋಪಿನವರಿಗೆ ಬಾಗಿಲು ಮುಚ್ಚಿದರೆ ನಮ್ಮವರಿಗೆ ತೆರೆಯುತ್ತದೆ, ಎಲ್ಲರಿಗೂ ಒಂದೇ ಸಾಲಾಗುತ್ತದೆ ಎಂದು ಹೇಳಿ ಹೋದನಂತೆ.

"ನಂಬಿದಿ?"

"ನಂಬಬೇಕು ಅನಿಸ್ತು. ಹಿಂದಿನ ದಿನ ಕೆಲಸದಾಗ ಹಲೀನಾ ಅಂದ್ಳು, ನನಗ ಓಟಿಲ್ಲ, ನಿನಗ ಐತಿ, ನನ್ನ ಪಾಲಿಂದೂ ನೀನ ಹಾಕು ಅಂತ. ನಾ ಹ್ಞೂಂ ಅಂದೆ. ಮತ್ತ ಅಲ್ಲಿ ಹೋಗಿ ನಿಂತಾಗ ನಿನ್ನ ಮಾರಿ ನೆನಪಾತು. ಹೊರಗ ಹೋಗೂದಕ್ಕ ಗೆರಿ ಹೊಡದ ಬಂದೆ. ಮುಂದ ರಿಸಲ್ಟ್ ಬಂದ ದಿನ ಹಲೀನಾ ಬಿಕ್ಕಿ ಬಿಕ್ಕಿ ಅತ್ಳು, ಅಕ್ಕಾ. ಆಕೀನ ಅಪಗೊಂಡು ಸಮಾಧಾನ ಮಾಡಿದಾಕಿ ನಾನ."

ನಿಜ ಹೇಳಬೇಕೆಂದರೆ, ವೀಸಾ ಸಿಗದ ದುಃಖ ನನಗೆ ಒಂದು ವಾರ ಇದ್ದಿರಬೇಕು. ಆಮೇಲೆ ಫೋನಿನಲ್ಲಿ ಮದುವೆ ನೋಡಿದೆ, ಸೀರೆಯನ್ನು ಯಾವುದೋ ಮುತ್ತೈದೆಗೆ ಉಡುಗೊರೆ ಕೊಟ್ಟೆ, ಮರೆತೆ. ನಾನು ಇಳಿಸಿಟ್ಟದ್ದನ್ನು ಇವಳು ಹತ್ತು ವರ್ಷ ಹೊತ್ತುಕೊಂಡಿದ್ದಳು.

"ನಿನ್ನ ಒಂದು ಓಟಿನಿಂದ ಏನೂ ಆಗಿಲ್ಲ ಬಿಡು," ಎಂದೆ. ಒಂದೊಂದು ಓಟೂ ಮುಖ್ಯ ಎಂದು ತಲೆಮಾರುಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟ ಬಾಯಿ ಇದೇ. ಸುಲುವೂ ನನ್ನ ಶಾಲೆಯಲ್ಲೇ ಕಲಿತವಳು. ನನ್ನನ್ನು ನೋಡಿದಳು, ಚೀಲ ಎತ್ತಿಕೊಂಡು ಎದ್ದಳು.

ಬೇಲಿ

ಹಲೀನಾ ಹೊರಡಲು ಒಂದು ವಾರವಿತ್ತು. ಅವಳ ಸಾಮಾನೆಲ್ಲ ಪೆಟ್ಟಿಗೆ ಸೇರಿದ್ದರಿಂದ ಊಟ ನಮ್ಮಲ್ಲೇ. ಅವತ್ತು ಎಣ್ಣೆಗಾಯಿ ಮಾಡಿದ್ದೆ. ಖಾರಕ್ಕೆ ಕಣ್ಣು ಒರೆಸಿಕೊಳ್ಳುತ್ತಾ ಅವಳು ಮತ್ತೆ ಬಡಿಸಿಕೊಳ್ಳುತ್ತಿದ್ದಳು. ಬಸಣ್ಣ ಯಾವುದೋ ಜೋಕು ಹೇಳುತ್ತಿದ್ದ. ಅದರ ಮಧ್ಯದಲ್ಲೇ ಸುಲು, "ಹಲೀನಾ, ನಾನು ಹೊರಬರೋಣ ಎಂದು ಓಟು ಹಾಕಿದ್ದೆ" ಎಂದಳು.

ನಾನು ಊಹಿಸಿದ್ದು ಒಂದು, ಆದದ್ದು ಒಂದು. ಹಲೀನಾ ಕೂಗಾಡಲಿಲ್ಲ. ಚಮಚ ಕೆಳಗಿಟ್ಟಳು.

"ನನ್ನ ಪಾಲಿನದನ್ನೂ?" ಎಂದು ಕೇಳಿದಳು.

"ಇದ್ದದ್ದು ಒಂದೇ."

"ಮತ್ತೆ ಕೇಳಿದರೆ? ಮತ್ತೆ ಅದನ್ನೇ ಹಾಕುತ್ತೀಯಾ?"

ಸುಲು ನೀರಿನ ಜಗ್ಗನ್ನು ಅವಳ ಕಡೆ ಸರಿಸಿದಳು. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತೇನೋ. ಅವಳು ಸುಳ್ಳು ಹೇಳಲಿಲ್ಲ, ನಿಜ ಏನೆಂದು ಅವಳಿಗೂ ಗೊತ್ತಿರಲಿಲ್ಲ. ಹಲೀನಾ ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟು, ನನಗೆ ಮಾತ್ರ ಥ್ಯಾಂಕ್ಸ್ ಹೇಳಿ, ಹಿತ್ತಲ ಬಾಗಿಲಿನಿಂದ ಹೋದಳು.

ಬಸಣ್ಣ ಹೆಂಡತಿಯನ್ನೇ ನೋಡುತ್ತಿದ್ದ. ಈಗ ಇವನದೊಂದು ರಾಮಾಯಣ ಎಂದುಕೊಂಡೆ. ಅವನು ಗಂಟಲು ಸರಿಮಾಡಿಕೊಂಡ.

"ನಂದೂ ಒಂದ್ ಐತಿ. ನಾ ಹಾಕೇ ಇಲ್ಲ."

"ಏನು?" ಎಂದಳು ಸುಲು.

"ಅವತ್ತು ಏನ್ ಮಳಿ ಅಂತಿ! ರೈಲು ನಿಂತಬಿಟ್ಟಿದ್ವು. ಮನಿಗೆ ಬಂದಾಗ ಹಸದಿದ್ದೆ, ಉಂಡ ಮಲಗಿದೆ. ಮುಂಜಾನೆ ಎದ್ದು ನೋಡಿದ್ರ ದೇಶಾನ ಹೊರಗ ಬಂದಿತ್ತು. ಇಷ್ಟು ವರ್ಷ ಉಳಿಯೂದಕ್ಕ ಹಾಕೀನಿ ಅಂತ ಭಾಷಣ ಬಿಗದೀನಿ. ಅಕ್ಕಾರ, ನೀವು ನಗಬ್ಯಾಡ್ರಿ."

ನಾನು ನಗಲಿಲ್ಲ. ಸುಲುವಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅವನು ಎದ್ದು ಅವಳ ಬೆನ್ನ ಮೇಲೆ ಕೈಯಿಟ್ಟು, "ನೀ ಏನರ ಮಾಡಿದಿ. ನಾ ಅದನ್ನೂ ಮಾಡಲಿಲ್ಲ" ಎಂದ. ಅಲ್ಲಿಯವರೆಗೆ ಬಸಣ್ಣನನ್ನು ಬರೀ ಮಾತಿನ ಮಲ್ಲ ಎಂದುಕೊಂಡಿದ್ದೆ. ಆ ದಿನದಿಂದ ಅವನ ಮೇಲೆ ನನಗೆ ಬೇರೆಯೇ ಅಕ್ಕರೆ.

ಬೇಲಿಯಾಚೆ

ಎರಡು ದಿನ ಬೇಲಿಯ ಆ ಸಂದಿಯಿಂದ ಯಾರೂ ಬರಲಿಲ್ಲ. ಸುಲು ಕಾರ್ಖಾನೆಗೆ ಹೋಗಿ ಬರುತ್ತಿದ್ದಳು, ಬಂದು ಕಿಟಕಿಯ ಹತ್ತಿರ ಕೂರುತ್ತಿದ್ದಳು. ಮೂರನೆಯ ದಿನ ಅವಳು ಕೆಲಸಕ್ಕೆ ಹೋದ ಮೇಲೆ ನಾನು ಸೆರಗು ಬಿಗಿದುಕೊಂಡು ಆ ಸಂದಿಯಲ್ಲಿ ನುಸುಳಿದೆ. ಹಲಗೆಯ ಮೊಳೆಗೆ ಸೀರೆ ಸಿಕ್ಕಿ ಹರಿಯಿತು. ಹಲೀನಾ ಅಡುಗೆಮನೆಯ ಕಿಟಕಿಯಿಂದ ನೋಡಿ ಓಡಿ ಬಂದು ಬಿಡಿಸಿದಳು.

ಅವಳ ಮನೆಯಲ್ಲಿ ಗೋಡೆಗಳೆಲ್ಲ ಬರಿದಾಗಿದ್ದವು. ಕುರ್ಚಿಗಳನ್ನು ಯಾರಿಗೋ ಕೊಟ್ಟಾಗಿತ್ತು. ನಾವಿಬ್ಬರೂ ಪುಸ್ತಕ ತುಂಬಿದ ಪೆಟ್ಟಿಗೆಗಳ ಮೇಲೆ ಕೂತು, ಉಳಿದಿದ್ದ ಎರಡು ಲೋಟಗಳಲ್ಲಿ ನಿಂಬೆ ಹಿಂಡಿದ ಚಹಾ ಕುಡಿದೆವು.

"ಅವಳ ಓಟಿಗೆ ನನಗೆ ಸಿಟ್ಟಿಲ್ಲ," ಎಂದಳು. ಲೋಟ ಕೆಳಗಿಟ್ಟಳು. "ಇಲ್ಲ, ಅದಕ್ಕೂ ಇದೆ. ಆದರೆ ಅದಕ್ಕಿಂತ, ಅವತ್ತು ನಾನು ಅಳುವಾಗ ನನ್ನ ಕೂದಲು ನೇವರಿಸಿದಳು. ಅದು ನನಗೆ ಪದೇ ಪದೇ ಜ್ಞಾಪಕ ಬರುತ್ತಿದೆ."

"ಅವಳಿಗೂ," ಎಂದೆ.

"ಹೀಗೆ ಹಾಕು ಎಂದು ನೀವು ಹೇಳಿದಿರಾ ಅಕ್ಕಾ?"

"ಇಲ್ಲ. ನನಗೆ ಗೊತ್ತಾದದ್ದೇ ಹೋದ ವಾರ."

"ನಿಮ್ಮ ಕೈಯಲ್ಲಿ ಓಟಿದ್ದಿದ್ದರೆ?"

ನಾನು ಯೋಚಿಸಿದೆ. ಪರೀಕ್ಷೆಯಲ್ಲಿ ಕೇಳಿದ್ದರೆ ಒಳ್ಳೆಯ ಉತ್ತರ ಬರೆಯುತ್ತಿದ್ದೆ. ಆದರೆ ಇವಳ ಕಣ್ಣು ನನ್ನ ಮುಖದ ಮೇಲೇ ಇತ್ತು. ವೀಸಾ ಇಲ್ಲ ಎಂದು ತಿಳಿದ ಮಧ್ಯಾಹ್ನ, ಹೊಸ ಸೀರೆಯನ್ನು ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದು ನೆನಪಾಯಿತು.

"ಆ ವಾರವಾಗಿದ್ದರೆ ನಾನೂ ಅದಕ್ಕೇ ಹಾಕುತ್ತಿದ್ದೆ," ಎಂದೆ. "ಮುಂದಿನ ವಾರವಾಗಿದ್ದರೆ ಹಾಕುತ್ತಿರಲಿಲ್ಲ."

ಹಲೀನಾ ಎದ್ದು, ಇನ್ನೂ ಪೆಟ್ಟಿಗೆಗೆ ಹಾಕದೆ ಇಟ್ಟಿದ್ದ ಸೂಜಿದಾರ ತಂದು, ನೆಲದ ಮೇಲೆ ಮಂಡಿಯೂರಿ ನನ್ನ ಸೀರೆಯ ಹರಿದ ಅಂಚನ್ನು ಹೊಲಿಯತೊಡಗಿದಳು. ಹೊಲಿಗೆ ಸಣ್ಣದು, ಅಚ್ಚುಕಟ್ಟು. ಹೊಲಿಯುತ್ತಲೇ, "ಶನಿವಾರ ಬೆಳಿಗ್ಗೆ ಬಸ್ಸು. ಪೆಟ್ಟಿಗೆಗಳು ಭಾರ ಇವೆ ಎಂದು ಅವಳಿಗೆ ಹೇಳಿ" ಎಂದಳು.

ವಿಕ್ಟೋರಿಯಾ

ವಿಕ್ಟೋರಿಯಾದ ಬಸ್ ನಿಲ್ದಾಣ ಒಂದು ವಿಷಯದಲ್ಲಿ ನಮ್ಮ ವಿಜಯಪುರದ ಬಸ್ ಸ್ಟ್ಯಾಂಡಿನ ಹಾಗೆಯೇ. ಎಲ್ಲರ ಕೈಯಲ್ಲೂ ಬುತ್ತಿ, ಎಲ್ಲರ ಕಣ್ಣೂ ಬೋರ್ಡಿನ ಮೇಲೆ, ಯಾರಿಗೂ ತಮ್ಮ ಬಸ್ಸು ಎಲ್ಲಿ ನಿಲ್ಲುತ್ತದೆಂದು ಖಾತ್ರಿಯಿಲ್ಲ. ಬಸಣ್ಣ ಪೆಟ್ಟಿಗೆಗಳನ್ನು ಇಳಿಸಿದ. ಗ್ರೀನ್‌ಫರ್ಡಿನಿಂದ ಅಲ್ಲಿಯವರೆಗೆ ಸುಲು ಮತ್ತು ಹಲೀನಾ ಕಾರಿನ ಹಿಂದಿನ ಸೀಟಿನಲ್ಲಿ ಪಕ್ಕಪಕ್ಕ ಕೂತಿದ್ದರು; ಟ್ರಾಫಿಕ್ ಬಗ್ಗೆ ಬಿಟ್ಟರೆ ಬೇರೆ ಮಾತಿಲ್ಲ.

ಬಸ್ಸು ಬಂತು. ಡ್ರೈವರ್ ಬಸ್ಸಿನ ಹೊಟ್ಟೆಯ ಬಾಗಿಲು ತೆರೆದು ಸಾಮಾನು ತುಂಬತೊಡಗಿದ. ಆಗ ಸುಲು ಹಲೀನಾಳ ಕೋಟಿನ ತೋಳು ಹಿಡಿದುಕೊಂಡಳು.

"ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ," ಎಂದಳು. ಅವಳ ಇಂಗ್ಲಿಷ್ ಒಡೆಯುತ್ತಿತ್ತು. "ಅಂದಿನ ಸುಲೋಚನಾಳನ್ನು ಮತ್ತೆ ಅಲ್ಲಿ ನಿಲ್ಲಿಸಿದರೆ ಅವಳು ಅದನ್ನೇ ಹಾಕುತ್ತಾಳೆ. ಅವಳ ಅಕ್ಕ ಬಂದಿರಲಿಲ್ಲ. ಅವಳು ತಪ್ಪು ಮಾಡಿದಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಇವತ್ತು ನನ್ನನ್ನು ಕೇಳಿದರೆ ಹಾಕುವುದಿಲ್ಲ. ನಿನ್ನ ಅಮ್ಮ ಬರಬೇಕು. ಪ್ರತಿ ಬೇಸಿಗೆ ಬರಬೇಕು. ಅಷ್ಟೇ ನನಗೆ ಗೊತ್ತಿರೋದು."

"ಇಷ್ಟು ಹೇಳಲು ನಾನು ಬಸ್ ಹತ್ತುವವರೆಗೂ ಕಾಯಬೇಕಿತ್ತಾ?" ಎಂದಳು ಹಲೀನಾ. ಬಯ್ದ ಹಾಗೆಯೇ ಇತ್ತು. ಆದರೆ ತೋಳು ಬಿಡಿಸಿಕೊಳ್ಳಲಿಲ್ಲ. ಎತ್ತರದ ಅವಳು ಬಾಗಿ, ಗಿಡ್ಡ ಸುಲುವಿನ ತಲೆಯ ಮೇಲೆ ಗಲ್ಲವಿಟ್ಟು ಹಾಗೇ ನಿಂತಳು. ಸುತ್ತಲಿನವರು ಮರ್ಯಾದೆಯಿಂದ ಬೇರೆ ಕಡೆ ನೋಡಿದರು.

ಅಷ್ಟರಲ್ಲಿ ಹಲೀನಾಳ ಫೋನು ರಿಂಗಾಯಿತು. ಅವಳ ತಾಯಿ. ಮಗಳು ಬಸ್ ಹತ್ತಿದಳೋ ಇಲ್ಲವೋ ಎಂದು ನೋಡಬೇಕಂತೆ. ಪರದೆಯ ತುಂಬ ಒಂದು ಸುಕ್ಕುಸುಕ್ಕಾದ, ಹೂವಿನ ರುಮಾಲು ಕಟ್ಟಿದ ಮುಖ. ಹಲೀನಾ ಫೋನನ್ನು ನನ್ನ ಕಡೆ ತಿರುಗಿಸಿ ಏನೋ ಹೇಳಿದಳು. ಅದರಲ್ಲಿ "ಅಕ್ಕಾ" ಎಂಬುದೊಂದೇ ನನಗೆ ತಿಳಿದ ಶಬ್ದ.

ಆ ಅಜ್ಜಿ ಫೋನನ್ನು ಮುಖದ ತೀರ ಹತ್ತಿರ ತಂದು ನನ್ನನ್ನು ನೋಡಿದಳು. ನಾನು ಕೈಮುಗಿದೆ. ಅವಳೂ ಫೋನನ್ನು ಎಲ್ಲೋ ಒರಗಿಸಿಟ್ಟು ಕೈಮುಗಿದಳು. ಆಮೇಲೆ ಒಂದೇ ಸಮನೆ ಮಾತಾಡತೊಡಗಿದಳು, ಬಹಳ ದಿನದಿಂದ ಯಾರಿಗೋ ಒಪ್ಪಿಸಬೇಕಾದ್ದನ್ನು ಒಪ್ಪಿಸುವ ಹಾಗೆ. ಡ್ರೈವರ್ ಬೇಗ ಬೇಗ ಎಂದು ಕೂಗುತ್ತಿದ್ದ. ಹಲೀನಾ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು.

"ಅಮ್ಮ ಹೇಳುತ್ತಾಳೆ, ಮದುವೆಯ ದಿನ ನಿಮ್ಮ ಕುರ್ಚಿ ಖಾಲಿ ಇತ್ತಂತೆ. ಹಿರಿಯರು ಯಾರಾದರೂ ಕೂರಬೇಕು ಎಂದು ಸುಲು ಅಮ್ಮನನ್ನೇ ಅಲ್ಲಿ ಕೂರಿಸಿದಳು. ಮದುಮಗಳು ಬಂದು ಅಮ್ಮನ ಕಾಲು ಮುಟ್ಟಿದಳು. ಕೈಗೆ ಹಳದಿ ಅಕ್ಕಿಕಾಳು ಕೊಟ್ಟರು. ಏನು ಹೇಳಬೇಕೆಂದು ಅಮ್ಮನಿಗೆ ಗೊತ್ತಿರಲಿಲ್ಲ. ಅದಕ್ಕೆ ನಮ್ಮ ಭಾಷೆಯಲ್ಲೇ, ನಿನ್ನ ಮನೆಯಲ್ಲಿ ಯಾವಾಗಲೂ ರೊಟ್ಟಿ ಇರಲಿ, ಜಗಳ ಆದರೆ ಊಟದ ಹೊತ್ತಿಗೆ ಮುಗಿಯಲಿ ಎಂದು ಹೇಳಿ ತಲೆಯ ಮೇಲೆ ಅಕ್ಕಿಕಾಳು ಹಾಕಿದಳಂತೆ. ಅದು ನಿಮ್ಮ ಕೆಲಸವಾಗಿತ್ತು, ತಾನು ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ಇಷ್ಟು ವರ್ಷ ಅನುಮಾನವಂತೆ. ನಿಮ್ಮನ್ನೇ ಕೇಳುತ್ತಿದ್ದಾಳೆ."

ಸುಲು ನನಗೆ ಇದನ್ನು ಎಂದೂ ಹೇಳಿರಲಿಲ್ಲ. ಅವಳ ಕಡೆ ನೋಡಿದೆ. ಅವಳು ಮುಖ ತಿರುಗಿಸಿಕೊಂಡು ಸೆರಗಿಲ್ಲದ ಕಡೆ ಸೆರಗು ಹುಡುಕುತ್ತಿದ್ದಳು, ಕಣ್ಣೊರೆಸಲು.

ಪರದೆಯಲ್ಲಿ ಆ ಅಜ್ಜಿ ಉತ್ತರಕ್ಕೆ ಕಾಯುತ್ತಿದ್ದಳು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳ ಹಾಗೆ.

"ನಾನು ಬಂದಿದ್ದರೂ ಅದನ್ನೇ ಹೇಳುತ್ತಿದ್ದೆ ಎಂದು ಹೇಳು," ಎಂದೆ ಹಲೀನಾಳಿಗೆ. "ಇಷ್ಟು ಚೆನ್ನಾಗಿ ಹೇಳಲು ನನಗೆ ಬರುತ್ತಿರಲಿಲ್ಲ ಎಂದೂ ಹೇಳು."

ಹಲೀನಾ ಹೇಳಿದಳು. ಅಜ್ಜಿಯ ಬೊಚ್ಚು ಬಾಯಿ ಅರಳಿತು. ಹಲೀನಾ ಒಳಗೆ ಹತ್ತುತ್ತಲೇ ಡ್ರೈವರ್ ಬಾಗಿಲು ಮುಚ್ಚಿದ. ಗಾಜಿನ ಆಚೆ ಹಲೀನಾ ಫೋನನ್ನು ನಮ್ಮ ಕಡೆ ಎತ್ತಿ ಹಿಡಿದಳು. ಬಸ್ಸು ತಿರುವು ದಾಟುವವರೆಗೂ ತಾಯಿ ಮಗಳು ಇಬ್ಬರೂ ನಮಗೆ ಕೈ ಬೀಸುತ್ತಲೇ ಇದ್ದರು.